ಮ್ಯಾರಿಯನ್ ಕೌಂಟಿ ರೆಕಾರ್ಡ್: ಎರಡು ಮನೆತನ, ಒಂದು ವಾರಪತ್ರಿಕೆ

ಪತ್ರಿಕೋದ್ಯಮ ಓದುವವರಿಗೆಲ್ಲ ‘ಪತ್ರಿಕೆಗಳ ಮಾಲೀಕತ್ವ’ ಅಂತೊಂದು ಪಾಠ ಬರುತ್ತದೆ. ಏಕವ್ಯಕ್ತಿ, ಪಾಲುದಾರಿಕೆ, ಟ್ರಸ್ಟ್, ಕಂಪನಿ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆತುಬಿಡುವ ಪಾಠ. ನನಗೆ ಅದು ತಲೆಗೆ ಹತ್ತಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಪುಟ್ಟ ವಾರಪತ್ರಿಕೆಯ ಕಥೆ ಓದಿದ ಮೇಲೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮ್ಯಾರಿಯನ್ ಊರಿನ ಜನಸಂಖ್ಯೆ ಸುಮಾರು 1,900. ನಮ್ಮ ಲೆಕ್ಕದಲ್ಲಿ ಹಳ್ಳಿಯೇ. ಆದರೆ ಅದು ಕೌಂಟಿಯ ಕೇಂದ್ರ. ಕೌಂಟಿ ಅಂದರೆ ಆಡಳಿತದ ಮಟ್ಟಿಗೆ ನಮ್ಮ ಜಿಲ್ಲೆ ಇದ್ದ ಹಾಗೆ, ಜನ ಮಾತ್ರ ನಮ್ಮ ಒಂದು ಹೋಬಳಿಯಷ್ಟೂ ಇರಲಿಕ್ಕಿಲ್ಲ. ಕೋರ್ಟು, ಷೆರಿಫ್ (ಕೌಂಟಿಯ ಮುಖ್ಯ ಪೊಲೀಸ್ ಅಧಿಕಾರಿ) ಕಚೇರಿ ಎಲ್ಲ ಅಲ್ಲೇ. ‘ಮ್ಯಾರಿಯನ್ ಕೌಂಟಿ ರೆಕಾರ್ಡ್’ ಶುರುವಾದದ್ದು 1869ರಲ್ಲಿ. 2023ರ ಹೊತ್ತಿಗೆ ಅದರ ಪ್ರಸಾರ ಸುಮಾರು 4,000 ಪ್ರತಿ, ಊರಿನ ಜನರ ಎರಡರಷ್ಟು.

ಮೊದಲ ಮನೆ: ಹೋಕ್

1874ರಲ್ಲಿ ಪತ್ರಿಕೆ ಎಡ್ವರ್ಡ್ ಹೋಕ್ ಎಂಬುವರ ಕೈಗೆ ಬಂತು. ಅಲ್ಲಿಂದ 1998ರವರೆಗೆ, ಅಂದರೆ 124 ವರ್ಷ, ಅದು ಅದೇ ಮನೆತನದ್ದು. ಈ ಎಡ್ವರ್ಡ್ ಹೋಕ್ 1905ರಿಂದ 1909ರವರೆಗೆ ಕಾನ್ಸಾಸ್ ರಾಜ್ಯದ ಗವರ್ನರ್ ಆಗಿದ್ದರು. ನಮ್ಮ ರಾಜ್ಯಪಾಲರ ಹಾಗೆ ನೇಮಕವಾದ ಹುದ್ದೆಯಲ್ಲ ಅದು, ಗೆದ್ದು ಬಂದ ಹುದ್ದೆ. ನಮ್ಮ ಮುಖ್ಯಮಂತ್ರಿಗೆ ಹೋಲಿಸಬಹುದು. ಮಗ ಹೋಮರ್ ಹೋಕ್ 1919ರಿಂದ 1933ರವರೆಗೆ ಅಮೆರಿಕದ ಸಂಸತ್ ಸದಸ್ಯ, ಆಮೇಲೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ.

ಇಲ್ಲಿ ಸ್ವಲ್ಪ ನಿಲ್ಲಿ. ಕುಟುಂಬದ ಪತ್ರಿಕೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಷ್ಟಪಟ್ಟು ಅಚ್ಚು ಜೋಡಿಸುವ ಬಡ ಸಂಪಾದಕ. ಇಲ್ಲಿ ನೋಡಿದರೆ ಪತ್ರಿಕೆಯೂ ಅಧಿಕಾರವೂ ಒಂದೇ ಸೂರಿನಡಿ ಇದ್ದವು. ಗವರ್ನರ್ ಮನೆಯ ಪತ್ರಿಕೆ ಗವರ್ನರನ್ನು ಎಷ್ಟು ಪ್ರಶ್ನಿಸೀತು? ಮನೆತನದ ಮಾಲೀಕತ್ವವೇ ಸ್ವಾತಂತ್ರ್ಯ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವ ಮುಂಚೆ ಈ ಹೋಕ್ ಕಾಲವನ್ನು ನೆನಪಿಸಿಕೊಳ್ಳಿ.

ಎರಡನೇ ಮನೆ: ಮೇಯರ್

ಬಿಲ್ ಮೇಯರ್ (ಇದು ಮನೆತನದ ಹೆಸರು, ನಗರದ ಮೇಯರ್ ಹುದ್ದೆಯಲ್ಲ) 1948ರಲ್ಲಿ ಈ ಪತ್ರಿಕೆಗೆ ಕೆಲಸಕ್ಕೆ ಸೇರಿದರು. ಸಂಬಳಕ್ಕೆ ದುಡಿಯುತ್ತ ಸಂಪಾದಕರಾದರು. ಹೆಂಡತಿ ಜೋನ್ ಕೂಡ ದಶಕಗಳ ಕಾಲ ಅಲ್ಲೇ ದುಡಿದವರು, ಊರಿನ ಹಳೆಯ ಸಂಗತಿಗಳ ಅಂಕಣವನ್ನೂ ಬರೆದರು. 1998ರಲ್ಲಿ ಹೋಕ್ ಕುಟುಂಬ ಪತ್ರಿಕೆ ಮಾರಲು ಹೊರಟಿತು. ಹೊರಗಿನ ಸರಣಿ ಕಂಪನಿಯೊಂದರ ಪಾಲಾಗದಿರಲಿ ಎಂದು ಬಿಲ್, ಜೋನ್ ಮತ್ತು ಮಗ ಎರಿಕ್ ಸೇರಿ ಕೊಂಡುಕೊಂಡರು. ಸರಣಿ ಕಂಪನಿ ಅಂದರೆ ಹತ್ತಾರು ಊರಿನ ಪತ್ರಿಕೆಗಳನ್ನು ಕೊಂಡು, ಎಲ್ಲೋ ಕೂತು ನಡೆಸುವ ಸಂಸ್ಥೆ. ಖರ್ಚು ಕಡಿತ ಶುರುವಾದರೆ ಮೊದಲು ಹೋಗುವುದು ಊರಿನ ವರದಿಗಾರನೇ.

ನನಗೆ ಇಷ್ಟವಾದ ಒಂದು ಸಣ್ಣ ಸಂಗತಿ: ಮೇಯರ್‌ಗಳು ಕೊಂಡ ಮೇಲೂ ಕಂಪನಿಯ ಹೆಸರು ‘ಹೋಕ್ ಪಬ್ಲಿಷಿಂಗ್’ ಆಗಿಯೇ ಉಳಿಯಿತು. ಅಂಗಡಿ ಕೈ ಬದಲಾದರೂ ಹಳೇ ಶೆಟ್ಟರ ಬೋರ್ಡು ಹಾಗೇ ಇರುತ್ತದಲ್ಲ, ಹಾಗೆ. ಹಿಲ್ಸ್‌ಬೊರೊ ಮತ್ತು ಪೀಬಾಡಿ ಎಂಬ ಪಕ್ಕದ ಊರುಗಳ ಪತ್ರಿಕೆಗಳೂ ಇದೇ ಮನೆಯವು. ಬಿಲ್ 2006ರಲ್ಲಿ ತೀರಿಕೊಂಡರು. ಮಿಲ್ವಾಕಿಯಲ್ಲಿ ಪತ್ರಕರ್ತನಾಗಿ, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಮೇಷ್ಟ್ರಾಗಿದ್ದ ಎರಿಕ್ ಕೋವಿಡ್ ಹೊತ್ತಿಗೆ ಊರಿಗೆ ಬಂದು ತಾಯಿಯ ಜೊತೆ ಉಳಿದರು.

ಇಂಥ ಪತ್ರಿಕೆಗಳ ಹೊಟ್ಟೆಪಾಡಿನ ಬಗ್ಗೆ ಒಂದು ಮಾತು. ಚಂದಾ, ಅಂಗಡಿಗಳ ಜಾಹೀರಾತು ಸರಿಯೇ. ಅದರ ಜೊತೆಗೆ ಸ್ಥಳೀಯ ಆಡಳಿತ ಹಣ ಕೊಟ್ಟು ಹಾಕಿಸುವ ಕಾನೂನು ಪ್ರಕಟಣೆಗಳೂ ಇರುತ್ತವೆ. ನಮ್ಮ ತಾಲ್ಲೂಕು ಪತ್ರಿಕೆಗಳ ಟೆಂಡರ್ ಪ್ರಕಟಣೆ, ಕೋರ್ಟ್ ನೋಟಿಸ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಯಾರ ಮೇಲೆ ಬರೆಯಬೇಕೋ ಅವರಿಂದಲೇ ದುಡ್ಡು ಬರಬೇಕು.

2023ರ ಆಗಸ್ಟ್ 11

ಆ ಶುಕ್ರವಾರ ಪೊಲೀಸರು ಪತ್ರಿಕಾ ಕಚೇರಿಗೂ ಮೇಯರ್ ಮನೆಗೂ ನುಗ್ಗಿ ಶೋಧಿಸಿದರು. ನೆಪ ಇಷ್ಟೇ: ಊರಿನ ಹೋಟೆಲ್ ಉದ್ಯಮಿಯೊಬ್ಬರ ಹಳೆಯ ಕುಡಿದು-ಚಾಲನೆ ಪ್ರಕರಣದ ಮಾಹಿತಿ ಪತ್ರಿಕೆಗೆ ಬಂದಿತ್ತು. ಸಿಬ್ಬಂದಿ ಅದನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ತಾಳೆ ನೋಡಿದರು. ಆಮೇಲೆ ಪ್ರಕಟಿಸುವುದು ಬೇಡವೆಂದು ತೀರ್ಮಾನಿಸಿ, ವಿಷಯವನ್ನು ತಾವೇ ಪೊಲೀಸರ ಗಮನಕ್ಕೆ ತಂದರು! ವೆಬ್‌ಸೈಟಿನಲ್ಲಿ ತಾಳೆ ನೋಡಿದ್ದನ್ನೇ ಪೊಲೀಸರು ಗುರುತಿನ ಕಳವು, ಅಂದರೆ ಇನ್ನೊಬ್ಬರ ಹೆಸರು-ವಿವರ ಬಳಸಿ ಮಾಡುವ ಅಪರಾಧ, ಎಂದರು. ಇದೇ ಹೊತ್ತಿಗೆ ಪತ್ರಿಕೆ, ಹೊಸದಾಗಿ ಬಂದಿದ್ದ ಪೊಲೀಸ್ ಮುಖ್ಯಸ್ಥ ಗಿಡಿಯನ್ ಕೋಡಿ ಅವರ ಹಿಂದಿನ ಕೆಲಸದ ಬಗ್ಗೆಯೂ ವಿಚಾರಿಸುತ್ತಿತ್ತು. ಅದೂ ಅಚ್ಚಾಗಿರಲಿಲ್ಲ.

ಕಚೇರಿಯ ಕಂಪ್ಯೂಟರುಗಳು, ವರದಿಗಾರರ ಫೋನುಗಳು ಹೋದವು. ಮನೆಯಲ್ಲಿ ಇದ್ದದ್ದು 98 ವರ್ಷದ ಜೋನ್. ವಾಕರ್ ಹಿಡಿದು ನಿಂತು, ಇದು ನನ್ನ ಮನೆ, ಹೊರಗೆ ನಡೀರಿ ಎಂದು ಪೊಲೀಸರನ್ನು ಗದರುವ ವಿಡಿಯೊ ಆಮೇಲೆ ಹೊರಬಂತು. ಅವರ ಕಂಪ್ಯೂಟರ್ ಅಷ್ಟೇ ಅಲ್ಲ, ರೌಟರನ್ನೂ ಕಿತ್ತುಕೊಂಡು ಹೋಗಿದ್ದರು. ಮರುದಿನ ಜೋನ್ ತೀರಿಕೊಂಡರು.

ಮಾಲೀಕತ್ವದ ಪಾಠ ನನಗೆ ಅರ್ಥವಾದದ್ದು ಇಲ್ಲೇ. ಸರಣಿ ಕಂಪನಿಯ ಪತ್ರಿಕೆಯಾಗಿದ್ದರೆ ಮಾಲೀಕರ ಮನೆ ಇನ್ನೆಲ್ಲೋ ದೂರದ ನಗರದಲ್ಲಿ ಇರುತ್ತಿತ್ತು. ಮ್ಯಾರಿಯನ್‌ನಲ್ಲಿ ಅದು ಎಲ್ಲಿದೆ ಎಂದು ಇಡೀ ಊರಿಗೇ ಗೊತ್ತು. ಊರಿನವರದೇ ಪತ್ರಿಕೆ ಎಂಬ ಬಲವೂ ಇದೇ, ಅಪಾಯವೂ ಇದೇ.

ಪತ್ರಿಕೆ ಬರಬೇಕಾದದ್ದು ಬುಧವಾರ. ಸಿಬ್ಬಂದಿ ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರುಗಳನ್ನು ಎಳೆದು ತಂದು, ರಾತ್ರಿಯಿಡೀ ಕೂತು ಪುಟ ಕಟ್ಟಿದರು. ಆಗಸ್ಟ್ 16ರ ಸಂಚಿಕೆ ಹೊರಬಂತು. ಜಪ್ತಿ ಮಾಡಿದ್ದೀರಿ, ಬಾಯಿ ಮುಚ್ಚಿಸಿಲ್ಲ ಎಂಬ ಅರ್ಥದ ದಪ್ಪಕ್ಷರದ ತಲೆಬರಹ ಮುಖಪುಟದಲ್ಲಿತ್ತು. ಅದೇ ದಿನ ಕೌಂಟಿಯ ಸರ್ಕಾರಿ ವಕೀಲರು, ಸಾಕಷ್ಟು ಸಾಕ್ಷ್ಯವಿಲ್ಲವೆಂದು ವಾರಂಟನ್ನು ಹಿಂದಕ್ಕೆ ಪಡೆದರು.

ಕಾನೂನಿನ ಭಾಗ (ಇದು ಪರೀಕ್ಷೆಗೆ ಬರುತ್ತದೆ)

1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯ ಕಚೇರಿಯನ್ನು ಪೊಲೀಸರು ಶೋಧಿಸಿದ್ದರು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೊಲೀಸರ ಪರವಾಗಿ ತೀರ್ಪು ಕೊಟ್ಟಿತು. ಪತ್ರಕರ್ತರ ಗದ್ದಲ ಜೋರಾಗಿ, 1980ರಲ್ಲಿ ಸಂಸತ್ತು ಗೋಪ್ಯತಾ ರಕ್ಷಣಾ ಕಾಯ್ದೆ ತಂದಿತು. ಸಾರ ಇಷ್ಟು: ಪತ್ರಕರ್ತರ ಬಳಿ ಇರುವ ಸಾಮಗ್ರಿ ಬೇಕಾದರೆ ಸಾಮಾನ್ಯವಾಗಿ ಸರ್ಚ್ ವಾರಂಟ್ ಹಿಡಿದು ನುಗ್ಗುವಂತಿಲ್ಲ, ಸಮನ್ಸ್ ಕಳಿಸಿ ಕೇಳಬೇಕು. ಎರಡಕ್ಕೂ ವ್ಯತ್ಯಾಸ ದೊಡ್ಡದು. ಸಮನ್ಸ್ ಬಂದರೆ ಕೋರ್ಟಿಗೆ ಹೋಗಿ ಕೊಡೆನೆಂದು ವಾದಿಸಲು ಸಮಯ ಸಿಗುತ್ತದೆ. ವಾರಂಟ್ ಬಂದರೆ ನೀವು ಬಾಗಿಲು ತೆಗೆಯುವಷ್ಟರಲ್ಲಿ ಕಂಪ್ಯೂಟರ್ ಜೀಪಿನಲ್ಲಿರುತ್ತದೆ. ಪತ್ರಕರ್ತರೇ ಅಪರಾಧದ ಶಂಕಿತರಾದರೆ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಗುರುತಿನ ಕಳವಿನ ಆರೋಪಕ್ಕೆ ಮ್ಯಾರಿಯನ್‌ನಲ್ಲಿ ಯಾಕಷ್ಟು ಬೆಲೆ ಬಂತೆಂದು ಇದರಿಂದ ತಿಳಿಯುತ್ತದೆ.

ಕೋಡಿ 2023ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2024ರ ಆಗಸ್ಟಿನಲ್ಲಿ ವಿಶೇಷ ಪ್ರಾಸಿಕ್ಯೂಟರುಗಳ ವರದಿ, ಪತ್ರಿಕೆಯವರು ಯಾವ ಅಪರಾಧವನ್ನೂ ಮಾಡಿಲ್ಲವೆಂದಿತು. ನ್ಯಾಯ ಪ್ರಕ್ರಿಯೆಗೆ ಅಡ್ಡಿಪಡಿಸಿದ ಆರೋಪ ಬಿದ್ದದ್ದು ಕೋಡಿ ಮೇಲೆ. 2025ರ ನವೆಂಬರಿನಲ್ಲಿ ಕೌಂಟಿ 30 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಲು ಒಪ್ಪಿತು. ಷೆರಿಫ್ ಕಚೇರಿ ಶೋಧದಲ್ಲಿ ತನ್ನ ಪಾತ್ರಕ್ಕೆ ವಿಷಾದ ಸೂಚಿಸಿತು. ಅಷ್ಟು ಹೊತ್ತಿಗೆ ಜೋನ್ ಹೋಗಿ ಎರಡು ವರ್ಷ ಮೂರು ತಿಂಗಳಾಗಿತ್ತು.