ಪ್ರಿಂಟರ್ ಹತ್ತಿರ ಹೋಗುವ ಮೊದಲು ಕ್ಯೂ ನೋಡಿ

"ಸರ್, ಆರು ಸಲ ಪ್ರಿಂಟ್ ಕೊಟ್ಟೆ, ಒಂದು ಹಾಳೆಯೂ ಬರಲಿಲ್ಲ." ಪರೀಕ್ಷಾ ವಿಭಾಗದ ಗುಮಾಸ್ತರಿಂದ ಇಂಥ ಫೋನ್ ಬಂದರೆ ನನ್ನ ಕಿವಿ ನೆಟ್ಟಗಾಗುವುದು "ಆರು ಸಲ" ಎಂಬ ಮಾತಿಗೆ. ಕೊಟ್ಟದ್ದು ಎಲ್ಲಿಗೂ ಹೋಗಿಲ್ಲ, ಸರದಿಯಲ್ಲಿ ಕೂತಿದೆ. ಪ್ರಿಂಟರ್ ಚಾಲೂ ಆದ ಕೂಡಲೇ ನಲವತ್ತು ಪುಟದ ಅಂಕಪಟ್ಟಿ ಆರು ಪ್ರತಿ, ಅಂದರೆ 240 ಹಾಳೆ, ಸುರಿಯುತ್ತದೆ. ಹಾಗಾಗಿ ನಾನು ಮೊದಲು ತೆರೆಯುವುದು ಕಮಾಂಡ್ ಟೈಪ್ ಮಾಡುವ ಟರ್ಮಿನಲ್, ಪ್ರಿಂಟರಿನ ಮುಚ್ಚಳವಲ್ಲ.

ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ ಮುದ್ರಣ ನಡೆಸುವುದು ಕಪ್ಸ್ ಎಂಬ ವ್ಯವಸ್ಥೆ. ಮೈಕೇಲ್ ಸ್ವೀಟ್ ಬರೆದ ಇದು 1999ರಲ್ಲಿ ಹೊರಬಂತು, 2002ರಲ್ಲಿ ಆ್ಯಪಲ್ ಇದನ್ನು ಮ್ಯಾಕ್‌ಗೆ ತಂದಿತು. ಆದ್ದರಿಂದ ಮುಂದೆ ಹೇಳುವ ಕಮಾಂಡ್‌ಗಳು ಎರಡೂ ಕಡೆ ನಡೆಯುತ್ತವೆ.

ಹೊಸಬರು ಎಡವುವುದು ಮೊದಲ ಹೆಜ್ಜೆಯಲ್ಲೇ. ಬರೀ 'ಎಲ್‌ಪಿಸ್ಟ್ಯಾಟ್' ಎಂದು ಹೊಡೆದರೆ ಅದು ತೋರಿಸುವುದು ಲಾಗಿನ್ ಆದವರ ಮುದ್ರಣ ಕೆಲಸಗಳನ್ನು ಮಾತ್ರ. ನೀವು ರೂಟ್, ಅಂದರೆ ಯಂತ್ರದ ನಿರ್ವಾಹಕರ ಖಾತೆ, ಆಗಿ ಹೋಗಿದ್ದರೆ ಪರದೆ ಖಾಲಿ. "ಕ್ಯೂನಲ್ಲಿ ಏನೂ ಇಲ್ಲ" ಎಂದು ಫೋನ್ ಇಟ್ಟುಬಿಟ್ಟವರನ್ನು ನಾನು ಕಂಡಿದ್ದೇನೆ. ಎಲ್ಲರ ಕೆಲಸವೂ ಕಾಣಬೇಕಾದರೆ 'ಎಲ್‌ಪಿಸ್ಟ್ಯಾಟ್ -ಒ' ಕೊಡಿ.

ಆ ಫೋನ್ ಬಂದ ದಿನ ಆರು ಸಾಲು ಬಂದವು, ಕೆಲಸದ ಸಂಖ್ಯೆ 212ರಿಂದ 217. ಪ್ರತಿ ಸಾಲಿನಲ್ಲೂ ಪ್ರಿಂಟರಿನ ಹೆಸರು ಮತ್ತು ಸಂಖ್ಯೆ, ಕಳಿಸಿದವರು, ಗಾತ್ರ, ಸಮಯ. ನಾನು ಗಾತ್ರದ ಮೇಲೆ ಕಣ್ಣಿಟ್ಟೆ. ಮೊದಲ ಐದು 182272 ಬೈಟ್, ಕಡೆಯದು 183296. "ಮೇಡಂ, ಮಧ್ಯೆ ಏನಾದರೂ ತಿದ್ದಿದ್ರಾ?" ಎಂದೆ. "ಹೌದು ಸರ್, ಒಬ್ಬ ಹುಡುಗನ ಇಂಟರ್ನಲ್ ಮಾರ್ಕ್ಸ್ ತಪ್ಪಿತ್ತು, ಸರಿಮಾಡಿ ಕೊಟ್ಟೆ." ಬೇಕಾದದ್ದು 217 ಒಂದೇ. ಮೊದಲನೆಯದನ್ನು ಉಳಿಸಿ ಮಿಕ್ಕವನ್ನು ಅಳಿಸಿದ್ದರೆ ತಪ್ಪು ಅಂಕವೇ ನೋಟಿಸ್ ಬೋರ್ಡಿಗೆ ಹೋಗುತ್ತಿತ್ತು.

ಇನ್ನು ನಿಂತದ್ದೇಕೆ ಎಂಬುದಕ್ಕೆ 'ಎಲ್‌ಪಿಸ್ಟ್ಯಾಟ್ -ಪಿ'. ಅಲ್ಲಿ 'ಐಡಲ್' ಎಂದಿದ್ದರೆ ಪ್ರಿಂಟರ್ ಕೆಲಸಕ್ಕೆ ಸಿದ್ಧ. 'ಡಿಸೇಬಲ್ಡ್' ಎಂದಿದ್ದರೆ ಯಾವಾಗಿನಿಂದ ಎಂಬುದೂ ಅದರ ಮುಂದೆಯೇ ಇರುತ್ತದೆ. ನಮ್ಮದು ಹಿಂದಿನ ಮಧ್ಯಾಹ್ನದಿಂದಲೇ ನಿಂತಿತ್ತು. ಯಾರೋ ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೆ ಹಾಕಿದ್ದರು. ಕೇಬಲ್ ಮರಳಿತು, ಕ್ಯೂ ಮರಳಲಿಲ್ಲ. ಕಪ್ಸ್‌ನಲ್ಲಿ 'ಸ್ಟಾಪ್-ಪ್ರಿಂಟರ್' ಎಂಬ ನೀತಿ ಇಟ್ಟಿದ್ದರೆ ಒಮ್ಮೆ ಕೆಲಸ ಕೆಟ್ಟಾಗ ಇಡೀ ಕ್ಯೂ ನಿಲ್ಲುತ್ತದೆ, ಯಾರಾದರೂ ಎಬ್ಬಿಸುವವರೆಗೂ ಏಳುವುದಿಲ್ಲ. ಹತ್ತಾರು ಜನ ಬಳಸುವ ಪ್ರಿಂಟರಿಗೆ ಕೆಟ್ಟ ಕೆಲಸವನ್ನು ಆಮೇಲೆ ಮತ್ತೆ ಯತ್ನಿಸುವ 'ರೀಟ್ರೈ-ಜಾಬ್' ವಾಸಿ ಎಂಬುದು ನನ್ನ ಅನುಭವ.

ನಿಂತಿರುವ ಕ್ಯೂ ಹೊಸ ಕೆಲಸಗಳನ್ನು ತೆಗೆದುಕೊಳ್ಳುತ್ತಲೇ ಇರಬಹುದು. ತೆಗೆದುಕೊಳ್ಳುವುದು ಬೇರೆ, ಮುದ್ರಿಸುವುದು ಬೇರೆ. ಮೊದಲನೆಯದನ್ನು 'ಎಲ್‌ಪಿಸ್ಟ್ಯಾಟ್ -ಎ' ಹೇಳುತ್ತದೆ. ಆರು ಸಲ ಕೊಟ್ಟರೂ ಗುಮಾಸ್ತರಿಗೆ ಒಂದು ಎಚ್ಚರಿಕೆಯೂ ಬಾರದಿದ್ದದ್ದು ಇದೇ ಕಾರಣಕ್ಕೆ.

ಇಲ್ಲಿ ಕ್ರಮ ಮುಖ್ಯ. ಮೊದಲು 'ಕ್ಯಾನ್ಸಲ್' ಕೊಟ್ಟು 212ರಿಂದ 216ರವರೆಗೆ ತೆಗೆದೆ, ಆಮೇಲಷ್ಟೇ ಕ್ಯೂ ಎಬ್ಬಿಸುವ 'ಕಪ್ಸ್‌ಎನೇಬಲ್'. ತಿರುವುಮುರುವಾಗಿ ಮಾಡಿದರೆ ನೀವು ಸಂಖ್ಯೆ ಟೈಪ್ ಮಾಡುವಷ್ಟರಲ್ಲಿ ಮೊದಲ ಪ್ರತಿ ಅರ್ಧ ಹೊರಗೆ ಬಂದಿರುತ್ತದೆ.

ಮುಗಿದ ಕೆಲಸಗಳನ್ನು ನೋಡಲು 'ಎಲ್‌ಪಿಸ್ಟ್ಯಾಟ್ -ಡಬ್ಲ್ಯೂ ಕಂಪ್ಲೀಟೆಡ್ -ಒ'. ಡಬ್ಲ್ಯೂ ದೊಡ್ಡಕ್ಷರ, ಮತ್ತು ಅದು ಒ-ಗಿಂತ ಮೊದಲೇ ಬರಬೇಕು. ಹಿಂದುಮುಂದಾದರೆ ಬಾಕಿ ಕೆಲಸಗಳ ಪಟ್ಟಿಯೇ ಬರುತ್ತದೆ. ಈ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಳೆ ಟ್ರೇಯಲ್ಲಿ ಬಿದ್ದಿದೆ ಎಂದು ನಂಬಬೇಡಿ. ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್) ಮೂಲಕ ಜೋಡಿಸಿದ ಪ್ರಿಂಟರನ್ನು ಕಪ್ಸ್ ಸಾಮಾನ್ಯವಾಗಿ ಕೆಲಸ ಮುಗಿಯುವವರೆಗೂ ವಿಚಾರಿಸುತ್ತಿರುತ್ತದೆ. ಹಳೆಯ ಪದ್ಧತಿಯಂತೆ 9100 ಎಂಬ ನೆಟ್‌ವರ್ಕ್ ಪೋರ್ಟ್‌ಗೆ ಜೋಡಿಸಿದ್ದರಲ್ಲಿ ಮಾಹಿತಿ ರವಾನೆಯಾದರೂ ಕಾಗದ ಒಳಗೇ ಸಿಕ್ಕಿಕೊಂಡಿರಬಹುದು. ಆ ಪರೀಕ್ಷಾ ವಿಭಾಗದ ಪ್ರಿಂಟರ್ 9100ರದ್ದೇ. 217 ಮುಗಿದ ಪಟ್ಟಿಗೆ ಸೇರಿದ ಮೇಲೂ ನಾನು ಫೋನ್ ಇಡಲಿಲ್ಲ. "ಮೇಡಂ, ಒಮ್ಮೆ ಹೋಗಿ ನೋಡಿ, ಕಡೇ ಪುಟ ಬಂತಾ?" ಎಂದೆ. ಬಂದಿತ್ತು.