ಗೆಲ್ಲುವವರ ಹೆಸರು ಮೊದಲೇ ಬರೆದಿಟ್ಟಿರುತ್ತದೆಯೇ?

ಪ್ರಶ್ನೆ: "ಅಕ್ಕಾವರೆ, ಟಿ.ವಿ.ಯ ಸೆಲೆಬ್ರಿಟಿ ಡ್ಯಾನ್ಸ್ ಸ್ಪರ್ಧೆಗಳಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆಯಂತೆ, ಹೌದೇ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಕಲಬುರಗಿಯ ಬಿಸಿಲಿಗೆ ಅಂಜಿ ನಮ್ಮ ಬೇಸಿಗೆ ನೃತ್ಯ ಶಿಬಿರ ಬೆಳಿಗ್ಗೆ ಆರಕ್ಕೇ ಶುರುವಾಗುತ್ತದೆ. ಆಳಂದ, ಜೇವರ್ಗಿ ಕಡೆಯಿಂದ ಮಕ್ಕಳನ್ನು ಕರೆತರುವ ತಂದೆತಾಯಿ ಗೋಡೆಗೊರಗಿ ಕುಳಿತು ಇದನ್ನೇ ಕೇಳುತ್ತಾರೆ. ಹೋದ ವರ್ಷ ಒಬ್ಬ ತಂದೆ ಈ ಮಾತು ನಂಬಿ ಮಗಳನ್ನು ಬೆಂಗಳೂರಿನ ಆಡಿಷನ್ನಿಗೆ ಕಳುಹಿಸಲೇ ಇಲ್ಲ. ಎಂಟು ವರ್ಷ ಕಲಿತ ಹುಡುಗಿ. ಅದಕ್ಕಾಗಿ ಇನ್ನೊಮ್ಮೆ, ಬಿಡಿಸಿ ಹೇಳುತ್ತೇನೆ.

ನಿರ್ಮಾಪಕರ ಕೈ ಸ್ಪರ್ಧೆಯಲ್ಲಿ ಇದ್ದೇ ಇರುತ್ತದೆ. ಆದರೆ ಗೆಲ್ಲುವವರನ್ನು ಮೊದಲ ದಿನವೇ ಗೊತ್ತು ಮಾಡಿಟ್ಟಿರುತ್ತಾರೆ ಎಂಬುದಕ್ಕೆ ಬುಡವಿಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 2004ರಿಂದ ನಡೆಯುತ್ತಿರುವ 'ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್' ಇಂಥ ಕಾರ್ಯಕ್ರಮಗಳಿಗೆಲ್ಲ ಮೂಲಮಾದರಿ. 2008ರಲ್ಲಿ ಅಲ್ಲಿ ಜಾನ್ ಸರ್ಜೆಂಟ್ ಎಂಬ ಪತ್ರಕರ್ತರು ಸ್ಪರ್ಧಿಸಿದ್ದರು. ಕುಣಿತ ಸಾಧಾರಣ, ತೀರ್ಪುಗಾರರ ಅಂಕ ತೀರಾ ಕಡಿಮೆ. ಆದರೂ ಜನ ವಾರ ವಾರವೂ ಮತ ಹಾಕಿ ಅವರನ್ನು ಉಳಿಸಿದರು. ಕೊನೆಗೆ ತಾವೇ ಗೆದ್ದುಬಿಡಬಹುದು ಎಂಬ ಅಳುಕಿನಿಂದ ಅವರೇ ಹಿಂದೆ ಸರಿದರು. ಅದೇ ವರ್ಷದ ಸೆಮಿಫೈನಲ್‌ನಲ್ಲಿ ಉಳಿದಿದ್ದ ಮೂವರಲ್ಲಿ ಇಬ್ಬರು ಸ್ಪರ್ಧಿಗಳು ತೀರ್ಪುಗಾರರ ಪಟ್ಟಿಯಲ್ಲಿ ಸಮನಾಗಿ ಮೊದಲ ಸ್ಥಾನಕ್ಕೆ ಬಂದರು. ತೀರ್ಪುಗಾರರ ಪಟ್ಟಿಯ ಸ್ಥಾನಕ್ಕೂ ಜನರ ಮತದ ಸ್ಥಾನಕ್ಕೂ ಅಂಕ ಕೊಟ್ಟು ಕೂಡಿಸುವ ಅಲ್ಲಿನ ಲೆಕ್ಕದಲ್ಲಿ, ಮೂರನೆಯವರಾದ ಟಾಮ್ ಚೇಂಬರ್ಸ್ ಅವರಿಗೆ ಎಷ್ಟೇ ಮತ ಬಿದ್ದರೂ ಕೊನೆಯ ಇಬ್ಬರ ಮರುಸ್ಪರ್ಧೆ ತಪ್ಪದು ಎಂಬುದು ಮತದಾನ ನಡೆಯುತ್ತಿರುವಾಗ ಗೊತ್ತಾಯಿತು. ನೇರಪ್ರಸಾರದಲ್ಲೇ ಮುಖಭಂಗ. ಮೂವರನ್ನೂ ಫೈನಲ್‌ಗೆ ಕಳುಹಿಸದೆ ಬಿಬಿಸಿಗೆ ಬೇರೆ ದಾರಿ ಉಳಿಯಲಿಲ್ಲ. ಕೊನೆಗೆ ಗೆದ್ದವರು ಅದೇ ಚೇಂಬರ್ಸ್. ಫಲಿತಾಂಶವನ್ನು ಜೇಬಿನಲ್ಲಿಟ್ಟುಕೊಂಡವರು ಇಂಥ ಫಜೀತಿಗೆ ಸಿಲುಕುವರೇ?

ಅಮೆರಿಕದ 'ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್'ನಲ್ಲಿ 2018ರಲ್ಲಿ ರೇಡಿಯೊ ನಿರೂಪಕ ಬಾಬಿ ಬೋನ್ಸ್ ಕಡಿಮೆ ಅಂಕ ಇಟ್ಟುಕೊಂಡೇ ಜನರ ಮತದಿಂದ ಗೆದ್ದರು. ದೊಡ್ಡ ಗದ್ದಲವೆದ್ದಿತು. ಮರುವರ್ಷ ನಿಯಮ ಬದಲಾಗಿ, ಕೊನೆಯ ಇಬ್ಬರಲ್ಲಿ ಒಬ್ಬರನ್ನು ಉಳಿಸುವ ಅಧಿಕಾರ ತೀರ್ಪುಗಾರರಿಗೆ ಬಂತು. ವಿಜೇತರನ್ನು ತಾವೇ ಆರಿಸುವವರಿಗೆ ನಿಯಮ ತಿದ್ದುವ ಉಸಾಬರಿ ಏಕೆ ಬೇಕಿತ್ತು?

ಅನ್ಯಾಯ ಕಂಡಂತಾದಾಗ ಅಂಕಗಣಿತವನ್ನೂ ನೋಡಿ. ನಾಲ್ವರಿಗೆ ತೀರ್ಪುಗಾರರು 38, 37, 36, 35 ಅಂಕ ಕೊಟ್ಟರು ಎನ್ನಿ. ಒಟ್ಟು 146. ವೀಕ್ಷಕರ ಮತದ ಜೊತೆ ಕೂಡಿಸಲೆಂದು ಇದನ್ನು ಶೇಕಡಾ ಲೆಕ್ಕಕ್ಕೆ ಇಳಿಸಿದರೆ ಮೊದಲನೆಯವರಿಗೆ ಸುಮಾರು 26, ಕೊನೆಯವರಿಗೆ 24. ಅಂತರ ಬರೀ ಎರಡು. ವೀಕ್ಷಕರ ಮತದಲ್ಲಿ ಒಬ್ಬರಿಗೆ ಶೇಕಡಾ 40, ಇನ್ನೊಬ್ಬರಿಗೆ 15 ಬಂದರೆ ಆ ಎರಡು ಅಂಕ ಎಲ್ಲಿ ನಿಲ್ಲುತ್ತದೆ? ಎಲ್ಲರಿಗೂ ಒಂಬತ್ತು, ಹತ್ತು ಹಂಚುವ ಉದಾರ ತೀರ್ಪುಗಾರರು ತಮ್ಮ ತೀರ್ಪಿನ ತೂಕವನ್ನು ತಾವೇ ಕಳೆದುಕೊಳ್ಳುತ್ತಾರೆ. ಈ ಲೆಕ್ಕವನ್ನು ಶಿಬಿರದ ಹಲಗೆಯ ಮೇಲೆ ಬರೆದು ತೋರಿಸಿದಾಗ ಏಳನೇ ತರಗತಿಯ ಮಕ್ಕಳು ಕೂಡಲೇ ಹಿಡಿದರು. ನನಗೆ ಹೆಮ್ಮೆಯಾಯಿತು.

ಹಾಗಾದರೆ ನಿರ್ಮಾಪಕರ ಕೈ ಎಲ್ಲಿದೆ? ನಿಮ್ಮ ಕಣ್ಣೆದುರಿಗೇ ಇದೆ. ಯಾರಿಗೆ ಯಾವ ಹಾಡು, ಯಾವ ಕೊರಿಯೋಗ್ರಾಫರ್, ಯಾರು ಕೊನೆಗೆ ಕುಣಿಯಬೇಕು, ವೈಲ್ಡ್ ಕಾರ್ಡ್ ಯಾರಿಗೆ, ಎಲ್ಲವೂ ಅವರದೇ ಆಯ್ಕೆ. ನೃತ್ಯಕ್ಕೆ ಮುಂಚಿನ ಕಿರುಚಿತ್ರ ನೋಡಿ: ಒಬ್ಬರಿಗೆ ಊರಿನ ಮನೆ, ತಾಯಿಯ ಕಣ್ಣೀರು, ಹಿನ್ನೆಲೆಯಲ್ಲಿ ಕೊಳಲು, ಇನ್ನೊಬ್ಬರಿಗೆ ಅಭ್ಯಾಸದ ಕೋಣೆಯಲ್ಲಿ ಜಗಳವಾಡಿದ ತುಣುಕು. ಒಂದು ಹೆಜ್ಜೆ ಇಡುವ ಮೊದಲೇ ನಿಮ್ಮ ಮನಸ್ಸು ಒಂದು ಕಡೆ ವಾಲಿರುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ "ಎಲ್ಲ ಫಿಕ್ಸ್" ಎಂದು ಕೈ ಝಾಡಿಸಿದವರಿಗೆ ಇದು ಕಾಣುವುದೇ ಇಲ್ಲ ಎಂಬುದೇ ನನ್ನ ಬೇಸರ.

ಯಾರೂ ನನ್ನನ್ನು ಕೇಳದ ಇನ್ನೊಂದು ಪ್ರಶ್ನೆಯಿದೆ: ಆ ಸೆಲೆಬ್ರಿಟಿ ನಿಜವಾಗಿ ಎಷ್ಟು ಕುಣಿದರು? ಕುಣಿಯಲು ಬಾರದವರನ್ನು ನಡುವೆ ನಿಲ್ಲಿಸಿ, ಜೊತೆಗಾರರನ್ನು ಅವರ ಸುತ್ತ ಸುತ್ತಿಸುವುದು ಕೊರಿಯೋಗ್ರಾಫರ್‌ಗಳ ಹಳೆಯ ಜಾಣ್ಮೆ. ಕಷ್ಟದ ಹೆಜ್ಜೆ ಬರುವಷ್ಟರಲ್ಲಿ ಹೊಗೆ ಏಳುತ್ತದೆ, ಕ್ಯಾಮೆರಾ ಮುಖಕ್ಕೆ ಹತ್ತಿರವಾಗುತ್ತದೆ, ಇಲ್ಲವೇ ತೀರ್ಪುಗಾರರ ಅಚ್ಚರಿಯ ಕಣ್ಣುಗಳನ್ನು ತೋರಿಸುತ್ತದೆ. ಆ ಮೂರು ಕ್ಷಣದಲ್ಲಿ ತಾಳ ತಪ್ಪಿದ್ದು ನಿಮಗೆ ತಿಳಿಯುವುದಿಲ್ಲ. ಅದಕ್ಕೇ ನನ್ನ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೇನೆ: ಟಿ.ವಿ.ಯ ಧ್ವನಿ ಪೂರ್ತಿ ತಗ್ಗಿಸಿ, ಬರೀ ಪಾದ ನೋಡಿ, ಪಾದ ಮರೆಯಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ಆಡಿಷನ್ನಿಗೆ ಹೋಗಲಾಗದ ಆ ಹುಡುಗಿ ಈ ವಾರ ತಂದ ಪುಟದಲ್ಲಿ ಗೆರೆಗಳು ಅಂಚಿನವರೆಗೂ ತುಂಬಿದ್ದವು. ಅದನ್ನು ಅವಳ ತಂದೆಗೂ ತೋರಿಸಿದೆ.