ಹಳೇ ಮಿನಿ ಟ್ರ್ಯಾಕ್ಟರ್ ನೋಡೋಕೆ ಹೋದಾಗ ಮೊದಲು ಇಂಜಿನ್ ಮುಟ್ಟಿ ನೋಡಿ

ಬೆಳಿಗ್ಗೆ ಬೆಳಿಗ್ಗೆ ಫೋನ್ ಬರುತ್ತದೆ. "ಅಣ್ಣ, ಒಂದು ಹಳೇ ಮಿನಿ ಟ್ರ್ಯಾಕ್ಟರ್ ನೋಡಿದೀನಿ, ಒಂದ್ಸಲ ಬಂದು ನೋಡಿ ಹೇಳ್ತೀರಾ?" ನಾನು ಹೇಳುವುದು ಒಂದೇ ಮಾತು. ಖಂಡಿತ ಬರುತ್ತೇನೆ, ಆದರೆ ನಾವು ಹೋಗೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ತಿಳಿಸಿ. ಹೋದ ತಕ್ಷಣ ಬಾನೆಟ್ ಎತ್ತಿ ಇಂಜಿನ್ ಬ್ಲಾಕ್ ಮೇಲೆ ಅಂಗೈ ಇಡುತ್ತೇನೆ. ತಣ್ಣಗಿದ್ದರೆ ಸರಿ. ಬಿಸಿ ಇದ್ದರೆ, ಯಾಕೆ ಬಿಸಿ ಇದೆ ಅಂತ ಕೇಳುತ್ತೇನೆ. "ಬೆಳಿಗ್ಗೆ ಗೊಬ್ಬರ ಹೊಡೆದ್ವಿ" ಅಂದರೆ ನಂಬಬಹುದು, ಟ್ರೈಲರ್‌ನಲ್ಲಿ ಗೊಬ್ಬರ ಅಂಟಿರಬೇಕಷ್ಟೇ. ಅದೂ ಇಲ್ಲ ಅಂದರೆ, ಸ್ಟಾರ್ಟ್ ಆಗೋದು ಕಷ್ಟ ಅನ್ನೋದನ್ನು ಮುಚ್ಚಿಡಲು ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆ ಅಂತ ಅನುಮಾನ ಪಡಬೇಕು. ಅಂಥ ಕಡೆ ಟೀ ಕುಡಿದು, ಇನ್ನೊಂದು ದಿನ ಬರ್ತೀವಿ ಅಂತ ಹೇಳಿ ಬರುವುದೇ ಒಳ್ಳೆಯದು.

ನಾನು ಗುಬ್ಬಿ, ತಿಪಟೂರು ಕಡೆ ಇಪ್ಪತ್ತು ವರ್ಷದಿಂದ ಈ ಚಿಕ್ಕ ಗಾಡಿಗಳನ್ನೇ ಬಿಚ್ಚಿ ಜೋಡಿಸುತ್ತಿದ್ದೇನೆ. ನಮ್ಮ ಕಡೆ ಅಡಿಕೆ ಗಿಡಗಳ ನಡುವೆ ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರ. ನಡುವೆ ಬಾಳೆ, ಕಾಳುಮೆಣಸು, ಪಕ್ಕದಲ್ಲಿ ಡ್ರಿಪ್ ಪೈಪು. ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗೋಕೆ ಆಗಲ್ಲ. ಹಾಗಾಗಿ ವಿಎಸ್‌ಟಿಯವರ ಮಿತ್ಸುಬಿಷಿ ಶಕ್ತಿ, ಅಂದರೆ ಮೂರು ಸಿಲಿಂಡರ್‌ನ 18.5 ಎಚ್‌ಪಿ ಗಾಡಿ, ಮಹೀಂದ್ರಾದ ಒಂದೇ ಸಿಲಿಂಡರ್‌ನ 15 ಎಚ್‌ಪಿ ಯುವರಾಜ್, 24 ಎಚ್‌ಪಿಯ ಕುಬೋಟಾ, ಇಂಥವು ತೋಟಗಳಲ್ಲಿ ಜಾಸ್ತಿ. ಮೂರು ನಾಲ್ಕು ಎಕರೆ ಇರೋರಿಗೆ ಹೊಸ ಗಾಡಿಯ ಕಂತು ಭಾರವಾಗುತ್ತದೆ. ಹಳೆಯದನ್ನು ಕೊಳ್ಳೋದು ತಪ್ಪು ಲೆಕ್ಕವೇನೂ ಅಲ್ಲ. ಈ ಚಿಕ್ಕ ಇಂಜಿನ್‌ಗಳಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. 50 ಎಚ್‌ಪಿ ದಾಟಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು ಎಲೆಕ್ಟ್ರಾನಿಕ್ಸ್ ಸೇರಿಕೊಂಡಿತು, ಇವುಗಳಿಗೆ ಅದು ತಟ್ಟಿಲ್ಲ. ಡೀಸೆಲ್ ಪಂಪು, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್, ಫಿಲ್ಟರ್, ಇಷ್ಟೇ. ಹಳ್ಳಿಯಲ್ಲೇ ರಿಪೇರಿ ಆಗುತ್ತದೆ.

ಆದರೆ ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಏನೆಂದರೆ, ಈ ಇಂಜಿನ್‌ಗಳು ದುಡಿದು ಸಾಯುವುದು ಬಹಳ ಕಡಿಮೆ. ಧೂಳು, ಬೋರ್‌ವೆಲ್ ನೀರು, ಬದಲಾಯಿಸದ ಆಯಿಲ್, ಇವು ಮೂರೇ ಸಾಯಿಸೋದು. ಮಾರೋರು ಪೇಂಟ್ ಹೊಡೆಸುತ್ತಾರೆ, ಸೀಟು ಹೊಸದು ಹಾಕುತ್ತಾರೆ, ಟೈರ್‌ಗೆ ಕಪ್ಪು ಪಾಲಿಶ್ ಬಳಿಯುತ್ತಾರೆ. ಅವರಿಗೆ ತೊಳೆಯಬೇಕು ಅಂತ ಹೊಳೆಯದ ಜಾಗಗಳು ಕೆಲವು ಇರುತ್ತವೆ. ಗಾಡಿಯ ನಿಜವಾದ ಕಥೆ ಸಿಗುವುದು ಅಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪರಿಚಯದ ರೈತರೊಬ್ಬರ ಜೊತೆ ಒಂದು ಗಾಡಿ ನೋಡೋಕೆ ಹೋಗಿದ್ದೆ. ಕೆಂಪು ಪೇಂಟು ಇನ್ನೂ ವಾಸನೆ ಹೊಡೆಯುತ್ತಿತ್ತು. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟು. ಏರ್ ಕ್ಲೀನರ್‌ನಲ್ಲಿ ಗಾಳಿಯ ಧೂಳು ಹಿಡಿಯಲು ಆಯಿಲ್ ಹಾಕುವ ಬಟ್ಟಲು ಬಿಚ್ಚಿದೆ, ಒಳಗೆ ಹೊಸ ಆಯಿಲ್, ಗೆರೆವರೆಗೆ ಸರಿಯಾಗಿ ತುಂಬಿತ್ತು. ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪು ನೋಡಿದೆ. ಕ್ಲಿಪ್ ಹತ್ತಿರ ಸೀಳಿತ್ತು, ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು, ಕಟ್ಟಿದ ಮೇಲೆ ಪೇಂಟ್ ಬಿದ್ದಿತ್ತು. ಪೈಪು ಬಿಚ್ಚಿ ಒಳಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿದೆ. ಹೊರಗೆ ತೆಗೆದರೆ ಬೆರಳ ತುದಿಯಲ್ಲಿ ರಾಗಿಹಿಟ್ಟಿನ ಹಾಗೆ ನುಣ್ಣನೆ ಕೆಮ್ಮಣ್ಣು. ಹೆಬ್ಬೆರಳಿಗೆ ಉಜ್ಜಿದರೆ ಸರಸರ ಅನ್ನುತ್ತಿತ್ತು. ಏರ್ ಕ್ಲೀನರ್ ದಾಟಿದ ಮೇಲೆ ಅಲ್ಲಿ ಒಂದು ಚಿಟಿಕೆ ಮಣ್ಣೂ ಇರಬಾರದು. ಆ ಮಣ್ಣು ನೇರ ಸಿಲಿಂಡರ್‌ಗೆ ಹೋಗಿ ಸಿಲಿಂಡರಿನ ಒಳಗೋಡೆ, ಪಿಸ್ಟನ್ ರಿಂಗು ಎರಡನ್ನೂ ಉಜ್ಜುಕಾಗದದ ಹಾಗೆ ತೇಯುತ್ತದೆ. ನಾವು ಬೇಡ ಅಂತ ಬಂದೆವು. ಮೂರು ತಿಂಗಳಿಗೆ ಅದೇ ಗಾಡಿ ನನ್ನ ಶೆಡ್ಡಿಗೆ ಬಂತು, ಬೇರೆಯವರು ಕೊಂಡಿದ್ದರು, ಹಾಫ್ ಇಂಜಿನ್ ಕೆಲಸಕ್ಕೆ, ಅಂದರೆ ಇಂಜಿನ್ ಬಿಚ್ಚಿ ಪಿಸ್ಟನ್, ರಿಂಗು ಬದಲಾಯಿಸೋಕೆ. ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ತೆಗೆದು ಗಾಡಿ ತಂದಿದ್ದರಂತೆ ಪಾಪ. ಆ ದಿನ ನನಗೆ ಕೆಲಸ ಮಾಡೋಕೆ ಮನಸ್ಸೇ ಬರಲಿಲ್ಲ. ಇದನ್ನೆಲ್ಲ ಬರೆದು ಹೇಳಬೇಕು ಅನ್ನಿಸಿದ್ದು ಅವತ್ತೇ.

ಹಾಗಾಗಿ ಜೇಬಲ್ಲಿ ಒಂದು ಬಿಳಿ ಬಟ್ಟೆ, ಒಂದು ಸ್ಕ್ರೂ ಡ್ರೈವರ್ ಇಟ್ಟುಕೊಂಡು ಹೋಗಿ. ಆ ಪೈಪಿನ ಒಳಗೆ ಒರೆಸಿ ನೋಡಿ.

ಇನ್ನು ಸ್ಟಾರ್ಟ್ ಮಾಡುವ ವಿಷಯ. ಹೀಟರ್ ಪ್ಲಗ್ ಇರುವ ಇಂಜಿನ್ ಆದರೆ ಕೀ ಹೀಟರ್ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಸೆಲ್ಫ್ ಹೊಡೆಯಬೇಕು. ತಣ್ಣಗಿರುವಾಗ ಒಂದೆರಡು ಸಲಕ್ಕೆ ಹತ್ತಿಕೊಂಡರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ, ಪರವಾಗಿಲ್ಲ ಅಂತ ಅರ್ಥ. ಹೊಗೆ ನೋಡಿ. ಶುರುವಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ, ಅದು ಸರಿಯಾಗಿ ಉರಿಯದ ಡೀಸೆಲ್. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು, ಹೋಗಿರಬಹುದು. ರೇಸ್ ಕೊಟ್ಟಾಗ ಒಂದು ಕ್ಷಣ ಕಪ್ಪು ಬರೋದು ಸಹಜ, ಬರ್ತಾನೇ ಇದ್ದರೆ ಏರ್ ಕ್ಲೀನರ್ ಕಟ್ಟಿದೆ ಅಥವಾ ನಾಜಲ್ ಕೆಲಸ ಇದೆ. ನೀಲಿ ಹೊಗೆ ಬಂದರೆ ಗಾಡಿ ಆಯಿಲ್ ತಿನ್ನುತ್ತಿದೆ. ಅದಕ್ಕೆ ಅಗ್ಗದ ಮದ್ದಿಲ್ಲ.

ಇಂಜಿನ್ ಓಡುವಾಗಲೇ ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ, ಅದನ್ನು ಬಾಯಿ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಚೂರು ಅದುರಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ, ಅಥವಾ ಅಲ್ಲಿಂದ ಬೀಡಿ ಹೊಗೆಯ ಹಾಗೆ ಪುಸುಪುಸು ಬರುತ್ತಿದ್ದರೆ ರಿಂಗು ತೇದಿದೆ. ಆಯಿಲ್ ಗೇಜು ಎಳೆದು ನೋಡಿ, ಕಪ್ಪಗಿರೋದು ತಪ್ಪಲ್ಲ, ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾಗುತ್ತದೆ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಮಾತ್ರ ನೀರು ಸೇರಿದೆ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆಗೆಯಬೇಕು. ಮೇಲೆ ಎಣ್ಣೆ ತೇಲುತ್ತಿದೆಯಾ, ಒಳಗೆ ಬಿಳಿ ಗಟ್ಟಿ ಪದರ ಕಟ್ಟಿದೆಯಾ ನೋಡಿ. ಆ ಬಿಳಿ ಪದರ ನಮ್ಮ ಬೋರ್‌ವೆಲ್ ನೀರಿನ ಸುಣ್ಣ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ವಾ, ಅದೇ. ಇಂಜಿನ್ ಒಳಗಿನ ನೀರಿನ ದಾರಿಯಲ್ಲೂ ಅದು ಕಟ್ಟಿರುತ್ತದೆ, ಬೇಸಿಗೆಯಲ್ಲಿ ಮಣ್ಣು ಪುಡಿ ಮಾಡುವ ರೋಟವೇಟರ್ ಹಾಕಿದ ಅರ್ಧ ಗಂಟೆಗೆ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ.

ಹೈಡ್ರಾಲಿಕ್ ನೋಡಲು ರೋಟವೇಟರ್ ಅಥವಾ ಕಲ್ಟಿವೇಟರ್ ಜೋಡಿಸಿ ಎತ್ತಿ, ಇಂಜಿನ್ ಆಫ್ ಮಾಡಿ, ಮಾತಾಡುತ್ತಾ ನಿಂತುಕೊಳ್ಳಿ. ಹತ್ತು ನಿಮಿಷದಲ್ಲಿ ಚೂರು ಇಳಿಯಬಹುದು. ಒಂದೆರಡು ನಿಮಿಷದಲ್ಲೇ ನೆಲ ಮುಟ್ಟಿದರೆ ಸೀಲು ಅಥವಾ ವಾಲ್ವ್ ಕೆಲಸ ಇದೆ. ಎತ್ತಿರುವಾಗ ಯಾರೂ ಕೆಳಗೆ ಕೈ ಕಾಲು ಇಡಬೇಡಿ. ಕ್ಲಚ್ ನೋಡಲು ಬಯಲಿನಲ್ಲಿ, ಬ್ರೇಕ್ ಒತ್ತಿ, ಮೇಲಿನ ಗೇರ್ ಹಾಕಿ, ಕಡಿಮೆ ರೇಸ್‌ನಲ್ಲಿ ನಿಧಾನ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಪ್ಲೇಟಿನ ಬೆಲೆ ದೊಡ್ಡದಲ್ಲ, ಆದರೆ ಅದನ್ನು ಹಾಕಲು ಗಾಡಿಯನ್ನು ನಡುವೆ ಎರಡು ಭಾಗ ಮಾಡಬೇಕು, ಆ ಕೂಲಿ ಸೇರಿಸಿ ಲೆಕ್ಕ ಹಾಕಿ ಬೆಲೆ ಮಾತಾಡಿ.

ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬುಷ್, ಬೇರಿಂಗ್ ತೇದಿವೆ. ಫೋರ್ ವೀಲ್ ಡ್ರೈವ್ ಗಾಡಿ ಆದರೆ ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಮುಂದಿನ ಟೈರ್, ಹಿಂದಿನ ಟೈರ್ ಎರಡರ ಅಳತೆಗೂ ಗೇರ್‌ಗಳ ಲೆಕ್ಕಕ್ಕೂ ಹೊಂದಾಣಿಕೆ ಇರುತ್ತದೆ. ಸಿಕ್ಕಿದ ಸೈಜ್ ಟೈರ್ ಹಾಕಿದರೆ ಮುಂದಿನ ಚಕ್ರ ಹಿಂದಿನದರ ಜೊತೆ ಎಳೆದಾಡಿ ಗೇರ್ ಮುರಿಯುತ್ತದೆ. ಟೈರ್ ಮೇಲೆ ಬರೆದ ಅಳತೆಯನ್ನು ಗಾಡಿಯ ಪುಸ್ತಕದ ಜೊತೆ ಹೋಲಿಸಿ. ಟಾರು ರಸ್ತೆಗೆ ಬಂದಾಗ ಫೋರ್ ವೀಲ್ ಲಿವರ್ ಬಿಡಿಸಲೇಬೇಕು.

ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ. ಕೇಬಲ್ ಕಿತ್ತು ಹೋಗಿ ವರ್ಷಗಟ್ಟಲೆ ಹಾಗೇ ಓಡಿರುವ ಗಾಡಿಗಳು ಎಷ್ಟೋ. ಮೀಟರ್ 900 ಗಂಟೆ ತೋರಿಸುತ್ತಾ, ಕ್ಲಚ್ ಪೆಡಲ್ ಹೊಳೆಯುವಷ್ಟು ಸವೆದು, ರೋಟವೇಟರ್ ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿನ ಹಲ್ಲುಗಳು ಚೂಪಾಗಿ, ಟ್ರೈಲರ್ ಪಿನ್ನಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಯಾವುದು ನಿಜ ಅಂತ ನಿಮಗೇ ಗೊತ್ತಾಗುತ್ತದೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿ ಮೇಲೆ ನೀವೇ ಓದಿ ತಾಳೆ ನೋಡಿ. ಸಾಲದ ಮೇಲೆ ತೆಗೆದ ಗಾಡಿ ಆದರೆ ಬ್ಯಾಂಕಿನ ಎನ್‌ಒಸಿ, ಸಾಲ ತೀರಿದೆ ಅನ್ನೋ ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ದುಡ್ಡು ಕೊಡಬೇಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಸಬ್ಸಿಡಿಯಲ್ಲಿ ತೆಗೆದ ಗಾಡಿ ಆದರೆ ಮಾರಲು ಅಡ್ಡಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮುಂದುವರಿಯಿರಿ.

ಗಾಡಿ ಮನೆಗೆ ಬಂತು. ಪೂಜೆ ಮಾಡಿ, ನಿಂಬೆಹಣ್ಣು ತುಳಿಸಿ, ಆದರೆ ಮಾರನೇ ದಿನವೇ ರೋಟವೇಟರ್ ಕಟ್ಟಬೇಡಿ. ಮೊದಲು ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗೇರ್ ಆಯಿಲ್, ಫೋರ್ ವೀಲ್ ಇದ್ದರೆ ಮುಂದಿನ ಆಕ್ಸಲ್ ಆಯಿಲ್, ಕೂಲಂಟ್, ಎಲ್ಲ ಬದಲಾಯಿಸಿ. "ಹೋದ ತಿಂಗಳು ಹಾಕಿಸಿದ್ದು" ಅಂದಿದ್ದರೂ ಬದಲಾಯಿಸಿ. ಅವತ್ತಿನಿಂದ ನಿಮ್ಮ ಲೆಕ್ಕ ಶುರುವಾಗುತ್ತದೆ. ಗಾಡಿಗೆ ಅಂತ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಈ ಕೆಲಸಕ್ಕೆ ಮೊದಲೇ ತೆಗೆದಿಡಿ, ವ್ಯಾಪಾರದ ಭರದಲ್ಲಿ ಪೂರ್ತಿ ಕೊಟ್ಟುಬಿಟ್ಟು ಆಮೇಲೆ ಆಯಿಲ್‌ಗೂ ಕಾಸಿಲ್ಲ ಅಂತ ಹಾಗೇ ಓಡಿಸಿ ಇಂಜಿನ್ ಕಳೆದುಕೊಂಡವರನ್ನು ನೋಡಿದ್ದೇನೆ. ರೇಡಿಯೇಟರ್‌ಗೆ ಬೋರ್ ನೀರು ಬೇಡವೇ ಬೇಡ. ರೆಡಿ ಕೂಲಂಟ್ ಹಾಕಿ, ಇಲ್ಲ ಅಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ಹಾಕಿ. ಇಂಜಿನ್ ಆಯಿಲ್ ಎಷ್ಟು ಗಂಟೆಗೆ ಬದಲಾಯಿಸಬೇಕು ಅಂತ ಪುಸ್ತಕದಲ್ಲಿ ಇರುತ್ತದೆ, ಹಳೇ ಗಾಡಿಗೆ, ಅದೂ ಧೂಳಲ್ಲಿ ದುಡಿಯೋದಕ್ಕೆ, ನಾನು 150 ಗಂಟೆ ದಾಟಲು ಬಿಡಲ್ಲ. ಆಯಿಲ್ ಬಾತ್ ಏರ್ ಕ್ಲೀನರ್ ಆದರೆ ರೋಟವೇಟರ್ ಸೀಸನ್‌ನಲ್ಲಿ ದಿನಾ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಕೆಸರು ಅರ್ಧ ಇಂಚು ಬಂತು ಅಂದರೆ ಡೀಸೆಲ್‌ನಲ್ಲಿ ತೊಳೆದು ಹೊಸ ಆಯಿಲ್ ಗೆರೆವರೆಗೆ ಹಾಕಿ, ಗೆರೆ ಮೀರಿ ಹಾಕಿದರೆ ಇಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ.

ಟ್ಯಾಂಕ್ ಖಾಲಿಯಾಗಿ ಏರ್ ಹಿಡಿದರೆ, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯಿಸಬೇಡಿ. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡಿಂಗ್ ಬೋಲ್ಟ್ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಶುದ್ಧ ಡೀಸೆಲ್. ಆಗ ಬಿಗಿ ಮಾಡಿ. ನಾಜಲ್ ಪೈಪು ಲೀಕ್ ಆಗುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ, ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಗಾಯ ಚಿಕ್ಕದು ಅಂತ ಬಿಡಬೇಡಿ.

ತೋಟದ ಗಾಡಿಗೇ ಇರುವ ಕಾಯಿಲೆ ಒಂದಿದೆ. ಅಡಿಕೆ ಹಾಳೆಯ ನಾರು, ಬಾಳೆ ಕಟ್ಟಿದ ಪ್ಲಾಸ್ಟಿಕ್ ದಾರ, ತುಂಡಾದ ಡ್ರಿಪ್ ಪೈಪು, ಇವೆಲ್ಲ ಮುಂದಿನ ಆಕ್ಸಲ್‌ಗೂ ರೋಟವೇಟರ್ ಶಾಫ್ಟಿಗೂ ಸುತ್ತಿಕೊಂಡು ಆಯಿಲ್ ಸೀಲನ್ನು ಕತ್ತರಿಸುತ್ತವೆ. ಸೀಲ್ ಹೋದರೆ ಆಯಿಲ್ ಹೊರಗೆ, ಮಣ್ಣು ಒಳಗೆ, ಆಮೇಲೆ ಬೇರಿಂಗ್. ಕೆಲಸ ಮುಗಿದ ಮೇಲೆ ಇಂಜಿನ್ ಆಫ್ ಮಾಡಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡು, ಕುಡುಗೋಲಿನಿಂದ ಆ ದಾರ ಕತ್ತರಿಸಿ ತೆಗೆಯಿರಿ. ರೇಡಿಯೇಟರ್ ಮುಂದಿನ ಜಾಲರಿಗೆ ಅಂಟಿದ ಹುಲ್ಲಿನ ಬೀಜವನ್ನೂ ಅವತ್ತೇ ಉದುರಿಸಿ.

ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದು ಹೋಗಿರುವ ಗಾಡಿ ತಂದರೆ, ಬೇರೆ ಏನು ಮಾಡಿಸದಿದ್ದರೂ ಅದನ್ನು ಹಾಕಿಸಿ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲ್, ಉಟ್ಟ ಪಂಚೆ, ಸೆರಗು, ಏನು ಸಿಕ್ಕಿದರೂ ಎಳೆದುಕೊಳ್ಳುತ್ತದೆ, ಕೂಗುವಷ್ಟೂ ಸಮಯ ಇರಲ್ಲ. ಮರದ ಬೊಡ್ಡೆ ಎಳೆಯುವಾಗಲೂ ಅಷ್ಟೇ, ಸರಪಳಿಯನ್ನು ಗಾಡಿಯ ಹಿಂದೆ ಕೆಳಗಿರುವ ಎಳೆಯುವ ಪಟ್ಟಿ, ಅಂದರೆ ಡ್ರಾಬಾರ್‌ಗೇ ಹಾಕಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಹಾಕಿ ಎಳೆದರೆ ಈ ಹಗುರ ಗಾಡಿಗಳು ಮುಂದಿನ ಚಕ್ರ ಎತ್ತಿ ಹಿಂದಕ್ಕೆ ಮಗುಚುತ್ತವೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ಇಡಿ, ಖಾಲಿ ಟ್ಯಾಂಕಿನ ಒಳಗೆ ತೇವ ಹನಿಗಟ್ಟಿ ಡೀಸೆಲ್‌ಗೆ ನೀರು ಸೇರುತ್ತದೆ. ಬ್ಯಾಟರಿ ವೈರ್ ಬಿಚ್ಚಿ. ಗೇರ್ ಲಿವರ್ ಬುಡದ ರಬ್ಬರ್ ಹರಿದಿದ್ದರೆ ಹೊಸದು ಹಾಕಿ, ಗೇರ್ ಬಾಕ್ಸಿಗೆ ಮಳೆನೀರು ಇಳಿಯುವುದು ಅಲ್ಲಿಂದಲೇ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ವೈರಿಂಗ್ ಒಂದ್ಸಲ ನೋಡಿ, ಏರ್ ಕ್ಲೀನರ್ ಬಾಯಲ್ಲಿ ಇಲಿ ಗೂಡು ಕಟ್ಟಿದೆಯಾ ಅಂತಲೂ ನೋಡಿ. ಹೋದ ವರ್ಷ ಜುಲೈನಲ್ಲಿ ನನ್ನ ಶೆಡ್ಡಿಗೆ ಬಂದ ಒಂದು ಗಾಡಿಯಲ್ಲಿ ಆ ಬಾಯಿ ತುಂಬಾ ತೆಂಗಿನ ನಾರಿತ್ತು, ಕೈ ಹಾಕಿ ಎಳೆದರೆ ಒಂದು ಬೊಗಸೆ ಬಂತು.